ಬಟ್ಟೆಯ ಮಾಡಿನ ಬಂಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಶಬ್ದಾರ್ಥದ ಸಂದೇಹಗಳನ್ನೋ ಮನೆವಾರ್ತೆಯ ತೊಡಕುಗಳನ್ನೋ ಹೊತ್ತು ಬರುವುದು ವಾಡಿಕೆ. ಕಳೆದ ತಿಂಗಳು ಬಂದ ಪತ್ರವೊಂದು ಮಾತ್ರ ನಮ್ಮನ್ನು ಕೆಲಹೊತ್ತು ತಬ್ಬಿಬ್ಬುಗೊಳಿಸಿತು. ಬರೆದವರು ಹಾವೇರಿ ಜಿಲ್ಲೆಯ ಓರ್ವ ತಾಯಿ. ಅವರ ಮಗ ಇಟಲಿ ದೇಶದ ಟ್ಯೂರಿನ್ ನಗರದಲ್ಲಿ ಇಂಜಿನಿಯರನಾಗಿದ್ದಾನೆ. ಜೊತೆಗೆ ಸೊಸೆಯೂ ಎರಡು ವರುಷದ ಮೊಮ್ಮಗಳೂ ಇದ್ದಾರೆ. ಬರುವ ಬೇಸಗೆಯಲ್ಲಿ ತಾವೂ ತಮ್ಮ ಯಜಮಾನರೂ ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವವರಿದ್ದಾರೆ. ಮಗನಿಗೆ ಮಾಡು ತೆರೆಯುವ ಚಿಕ್ಕ ಕಾರೊಂದರ ಮೇಲೆ ಮನಸ್ಸಾಗಿದೆ. ಫಿಯಟ್ 500ಸಿ ಎಂಬುದು ಅದರ ಹೆಸರು. 2015ರಲ್ಲಿ ತಯಾರಾದ, ಒಬ್ಬರ ಕೈಯಿಂದ ಬರುವ ಬಂಡಿ. ಸೊಸೆಗೆ ಒಪ್ಪಿಗೆಯಿಲ್ಲ. ‘ಬೆಲೆ ಕೈಗೆಟುಕುವಂತಿದೆಯಂತೆ, ನಾಲ್ಕು ಆಸನವಿದೆಯಂತೆ. ತಾವು ಆ ಊರನ್ನು ಕಂಡವರು, ಒಂದು ಮಾತು ಹೇಳಬೇಕು’ ಎಂದು ತಾಯಿ ಕೇಳಿದ್ದಾರೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಕಾರಿನ ಗುಣದೋಷ ವಿವೇಚಿಸುವ ಅಧಿಕಾರವೆಲ್ಲಿಯದು ಎಂದು ನಗುವವರು ನಗಲಿ. ನಾವು ಆ ಊರನ್ನು ಕಂಡದ್ದು ನಿಜ. ಅಲ್ಲಿ ಲಿಂಗೊತ್ತೊ ಎಂಬಲ್ಲಿ, 1923ರಲ್ಲಿ ಆರಂಭಗೊಂಡ ಫಿಯಟ್ ಕಂಪನಿಯ ಹಳೆಯ ಕಾರ್ಖಾನೆಯಿದೆ. ತಯಾರಾದ ಕಾರುಗಳನ್ನು ಓಡಿಸಿ ಪರೀಕ್ಷಿಸುವ ರಸ್ತೆ ಆ ಕಟ್ಟಡದ ತಾರಸಿಯ ಮೇಲೆಯೇ ಇದೆ! ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವುದನ್ನು ಮಾತ್ರ ಕಂಡಿದ್ದ ನಮಗೆ ಅದೊಂದು ಸೋಜಿಗವಾಗಿತ್ತು. ಈಗ ಕಾರ್ಖಾನೆಯ ಕೆಲಸ ನಿಂತು, ಆ ರಸ್ತೆಯ ಇಕ್ಕೆಲಗಳಲ್ಲಿ ಹೂಗಿಡ ಬೆಳೆಸಿದ್ದಾರೆ.

ಮಾಡಿನ ಮಾತಿಗೆ ಬರೋಣ. ಕಾರಿಗೆ ಉಕ್ಕಿನ ಬದಲು ಬಟ್ಟೆಯ ಮಾಡು ಏಕೆ ಬಂದಿತು? ಇಂದು ಅದನ್ನು ಕಂಡವರು ಶ್ರೀಮಂತರ ಶೋಕಿಯೆಂದೇ ಬಗೆಯುತ್ತಾರೆ. ಚಿಕ್ಕ ಕಾರುಗಳ ಮಟ್ಟಿಗೆ ಸಂಗತಿ ಇದಕ್ಕೆ ವಿರುದ್ಧವಾಗಿತ್ತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಮುಖ್ಯಸ್ಥರಾಗಿದ್ದ ಪಿಯರ್ ಬೂಲಾಂಜೆ ಅವರು ಎರಡನೆಯ ಮಹಾಯುದ್ಧಕ್ಕೆ ಮುನ್ನ ತಮ್ಮ ಇಂಜಿನಿಯರರಿಗೆ ಒಂದು ಕಾರಿನ ಲಕ್ಷಣವನ್ನು ಹೇಳಿದರು: ಅದು ರೈತರಿಗೆ ಒದಗಬೇಕು, ಐವತ್ತು ಕಿಲೋ ಆಲೂಗಡ್ಡೆ ಹೊರಬೇಕು, ಉತ್ತ ಹೊಲದಲ್ಲಿ ಹಾಯ್ದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಕೂಡದು. (ಮೊಟ್ಟೆಯ ಮಾತನ್ನು ವಾಚಕರು ಮನ್ನಿಸಬೇಕು, ಅದು ಅಲ್ಲಿಯವರ ಅಳತೆಗೋಲು.) 1948ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ ಆ ಕಾರಿಗೆ ಚಾಪೆಯಂತೆ ಸುರುಳಿ ಸುತ್ತಬಹುದಾದ ಬಟ್ಟೆಯ ಮಾಡಿತ್ತು. ಉಕ್ಕು ಉಳಿಯಿತು, ಭಾರ ತಗ್ಗಿತು, ಎತ್ತರದ ಸಾಮಾನನ್ನು ನಿಲ್ಲಿಸಿ ಒಯ್ಯುವುದಕ್ಕೂ ಅನುಕೂಲವಾಯಿತು.

ಟ್ಯೂರಿನ್ನಿನಲ್ಲಿ ನಡೆದದ್ದೂ ಅದೇ. ದಾಂತೆ ಜ್ಯಕೋಸ ಎಂಬ ಮೇಧಾವಿ ರೂಪಿಸಿದ ಹೊಸ ‘500’ 1957ರ ಜುಲೈ 4ರಂದು ಹೊರಬಂದಿತು. ಅಲ್ಲಿಯವರು ಅದನ್ನು ‘ಚಿಂಕ್ವೆಚೆಂತೊ’ ಎನ್ನುತ್ತಾರೆ. ಐನೂರು ಎಂದಷ್ಟೇ ಅದರ ಅರ್ಥ. ಮೂರು ಮೀಟರಿಗೂ ಕಡಿಮೆ ಉದ್ದ, ಹಿಂಬದಿಯಲ್ಲಿ 479 ಸಿಸಿಯ ಎರಡು ಸಿಲಿಂಡರಿನ ಎಂಜಿನ್, 13 ಅಶ್ವಶಕ್ತಿ, ನೆತ್ತಿಯಿಂದ ಹಿಂಬದಿಯವರೆಗೆ ಬಟ್ಟೆ. ಸ್ಕೂಟರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ನೆನೆಯುತ್ತಿದ್ದ ಸಂಸಾರಗಳಿಗೆ ಅದು ನೆಳಲಾಗಬೇಕೆಂಬುದು ಉದ್ದೇಶ. ಆದರೆ ಮೊದಲ ಬಂಡಿಯ ಹಿಂಬದಿಯಲ್ಲಿ ಸರಿಯಾದ ಆಸನವೇ ಇರಲಿಲ್ಲ! 490,000 ಲೀರಾ ತೆತ್ತು ಇಬ್ಬರೇ ಕೂಡುವುದಾದರೆ ಯಾರಿಗೆ ಬೇಕೆಂದು ಜನ ಮುಖ ತಿರುಗಿಸಿದರು. ಕಂಪನಿ ಕೆಲವೇ ತಿಂಗಳಲ್ಲಿ ತಪ್ಪನ್ನು ತಿದ್ದಿಕೊಂಡಿತು. ಎಂಜಿನಿನ ಬಲ ಹೆಚ್ಚಿಸಿ ಬೆಲೆಯಿಳಿಸಿತು, ಮೊದಲೇ ಕೊಂಡವರಿಗೆ 25,000 ಲೀರಾ ಹಿಂದಿರುಗಿಸಿತು. ಹೀಗೆ ಈ ಬಂಡಿಯ ಮೊದಲ ಜಗಳವೇ ಹಿಂದಿನ ಆಸನದ ಜಗಳ. ಹಾವೇರಿಯ ಸೊಸೆ ಎತ್ತಿರುವ ಪ್ರಶ್ನೆ ಹೊಸದೇನಲ್ಲ.

ಈ 500ಸಿ ಅದರ ಮೊಮ್ಮಗ. 2009ರ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಪೋಲೆಂಡಿನ ತಿಹಿ ಎಂಬ ಊರಿನಲ್ಲಿ ತಯಾರಾಯಿತು. ಇದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಮಾಡು ತೆರೆಯುವ ಬಹುಪಾಲು ಕಾರುಗಳಲ್ಲಿ ಬಾಗಿಲ ಮೇಲಿನ ಚೌಕಟ್ಟು, ಪಕ್ಕದ ಕಂಬಗಳು ಎಲ್ಲವೂ ಮಾಯವಾಗಿ ಬಂಡಿ ತೆರೆದ ದೋಣಿಯಂತಾಗುತ್ತದೆ. ಇಲ್ಲಿ ಹಾಗಲ್ಲ. ಕಂಬಗಳೂ ತೊಲೆಗಳೂ ಇದ್ದಲ್ಲಿಯೇ ನಿಂತಿರುತ್ತವೆ. ಅವುಗಳ ಮೇಲಿನ ಹಳಿಯಲ್ಲಿ ಬಟ್ಟೆಯೊಂದೇ ವಿದ್ಯುತ್ತಿನ ಬಲದಿಂದ ಹಿಂದಕ್ಕೆ ಸರಿಯುತ್ತದೆ. ಆದಕಾರಣ ಒಡಲಿನ ಬಿಗುವು ಸಡಿಲುವುದಿಲ್ಲ, ಭಾರವೂ ಹೆಚ್ಚು ಏರುವುದಿಲ್ಲ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಲ್ಲ, ಗಾಜಿನದು. ಉದ್ದ ಸುಮಾರು 3.55 ಮೀಟರು, ಟ್ಯೂರಿನ್ನಿನ ಇಕ್ಕಟ್ಟಿನ ಓಣಿಗಳಲ್ಲಿ ನಿಲ್ಲಿಸುವುದಕ್ಕೆ ಇದಕ್ಕಿಂತ ಹಿತವಾದುದು ವಿರಳ. ನಾವೇ ಒಮ್ಮೆ ಇದರ ಹಿಂಬದಿಯಲ್ಲಿ ಕುಳಿತು ಪೊ ನದಿಯ ದಂಡೆಗೆ ಹೋಗಿದ್ದೆವು. ಹತ್ತುವಾಗ ನಮ್ಮ ರುಮಾಲಿಗೆ ಎಡೆ ಸಾಲದೇನೋ ಎಂಬ ಅಳುಕಿತ್ತು. ಮಾಡು ಸರಿದೊಡನೆ ನೆತ್ತಿಯ ಮೇಲೆ ಆಕಾಶ, ದೂರದಲ್ಲಿ ಆಲ್ಪ್ಸಿನ ಹಿಮ. ರುಮಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಹುಡುಗರಂತೆ ಕುಳಿತಿದ್ದೆವೆಂಬುದನ್ನು ಮುಚ್ಚಿಡಲಾರೆವು. ಆ ತರುಣನ ಆಸೆ ನಮಗೆ ಅರ್ಥವಾಗದೆ ಇಲ್ಲ.

ಇನ್ನು ದೋಷ. ಮಾಡನ್ನು ಪೂರ್ತಿಯಾಗಿ ತೆರೆದರೆ ಬಟ್ಟೆ ಮಡಿಕೆ ಮಡಿಕೆಯಾಗಿ ಹಿಂಬದಿಯಲ್ಲಿ ಕೂಡಿ, ಓಡಿಸುವವನಿಗೆ ಹಿಂದಿನ ನೋಟ ಮರೆಯಾಗುತ್ತದೆ. ಸಾಮಾನಿನ ಎಡೆ 182 ಲೀಟರು ಮಾತ್ರ. ಅದರ ಬಾಯಿಯೂ ಕಿರಿದು. ವಿಮಾನದಲ್ಲಿ ಬರುವವರ ದೊಡ್ಡ ಪೆಟ್ಟಿಗೆ, ಅದರೊಳಗಿನ ರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗಳ ಉಡುಗೆ ಇವೆಲ್ಲ ಎಲ್ಲಿ ಹೋಗಬೇಕು? ಬಾಗಿಲು ಎರಡೇ ಇರುವುದರಿಂದ ಮಗುವಿನ ಆಸನಕ್ಕೆ ಮಗುವನ್ನು ಸೇರಿಸಲು ಪ್ರತಿಸಲವೂ ಮುಂದಿನ ಆಸನವನ್ನು ಬಾಗಿಸಿ, ಸೊಂಟ ಬಗ್ಗಿಸಿ ಒಳಹೊಗಬೇಕು. ಆ ಮಗುವನ್ನು ದಿನಕ್ಕೆ ನಾಲ್ಕು ಬಾರಿ ಎತ್ತಿಳಿಸುವವಳು ಯಾರು ಎಂಬುದನ್ನು ಮಗ ಯೋಚಿಸಿದಂತೆ ಪತ್ರದಿಂದ ತೋರುವುದಿಲ್ಲ. ಅಪಘಾತ ಪರೀಕ್ಷೆಯ ವಿಷಯ: ಯುರೋ ಎನ್‌ಕ್ಯಾಪ್ ಸಂಸ್ಥೆ ಈ ಮಾದರಿಯ ಗಟ್ಟಿ ಮಾಡಿನ ಕಾರಿಗೆ 2007ರಲ್ಲಿ ಐದು ನಕ್ಷತ್ರ ಕೊಟ್ಟಿತ್ತು. 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಮೂರೇ ದೊರೆತವು. ಆ ಹತ್ತು ವರುಷಗಳಲ್ಲಿ ಪರೀಕ್ಷೆ ಕಠಿನವಾಯಿತು. ಹಳೆಯ ಐದನ್ನೇ ನೆಚ್ಚಿ ಕೊಳ್ಳುವುದು ತರವಲ್ಲ.

ಬೆಲೆಯ ಮಾತು ಇನ್ನೂ ವಿಚಿತ್ರ. 1957ರಲ್ಲಿ ಬಟ್ಟೆ ಹಾಕಿದ್ದು ಕಾಸು ಉಳಿಸಲು. 2012ರ ಮಾದರಿಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ ನೋಡಿ: ಗಟ್ಟಿ ಮಾಡಿನ 500 ಕಾರಿಗೆ 15,500 ಡಾಲರು, ಬಟ್ಟೆಯ ಮಾಡಿನ 500ಸಿಗೆ 19,500 ಡಾಲರು. ಅಜ್ಜನ ಕಾಲದ ಕಾಟಕಾಯಿ ಮೊಮ್ಮಗನ ಕಾಲಕ್ಕೆ ನಾಲ್ಕು ಸಾವಿರ ಡಾಲರಿನ ಅಲಂಕಾರವಾಗಿದೆ. ಮಾಡು ತೆರೆಯುವ ಕಾರುಗಳಲ್ಲಿ ಇದು ಅಗ್ಗವೆಂಬುದು ದಿಟ; ಚಿಕ್ಕ ಕಾರುಗಳಲ್ಲಿ ಅಗ್ಗವಲ್ಲ. ಹಳೆಯ ಬಂಡಿಯಾದರೆ ಮಾಡನ್ನು ಮೂರು ಸಲ ತೆರೆದು ಮುಚ್ಚಿಸಿ ನೋಡಬೇಕು. ಒಂದು ಕೊಡ ನೀರು ಹೊಯ್ದು ಅಂಚುಗಳಲ್ಲಿ ಒಸರುವುದೇ ಎಂದು ಕೈಯಿಂದ ಮುಟ್ಟಿ ನೋಡಬೇಕು.

ಇಷ್ಟು ವಿವೇಚಿಸಿದ ಮೇಲೆ ಪತ್ರವನ್ನು ಮತ್ತೊಮ್ಮೆ ಓದಿದೆವು. ಮಗ, ಸೊಸೆ, ಮಗು, ಯಜಮಾನರು, ತಾಯಿ: ಒಟ್ಟು ಐವರು. ಆಸನ ನಾಲ್ಕು. ಅಲ್ಲಿ ಮಗುವಿಗೂ ಪ್ರತ್ಯೇಕ ಆಸನವಿರಬೇಕೆಂಬುದು ಕಾನೂನು. ನಮ್ಮಲ್ಲಿಯಂತೆ ತೊಡೆಯ ಮೇಲೆ ಕೂರಿಸುವಂತಿಲ್ಲ. ಪತ್ರದ ಕೊನೆಯಲ್ಲಿ, ಅಂಚಿನಲ್ಲಿ, ಸಣ್ಣಕ್ಷರದಲ್ಲಿ ತಾಯಿ ಬರೆದಿದ್ದರು: ‘ನನಗೆ ತಿರುಗಾಟದ ಹವ್ಯಾಸವಿಲ್ಲ, ನಾನು ಮನೆಯಲ್ಲಿ ಅಡುಗೆ ಮಾಡಿಕೊಂಡಿರುತ್ತೇನೆ.’ ಹವ್ಯಾಸವಿಲ್ಲದವರು ಏಳು ಸಾವಿರ ಕಿಲೋಮೀಟರು ದಾಟಿ ಹೋಗುತ್ತಾರೆಯೇ?

ನಮ್ಮ ಅಭಿಪ್ರಾಯವನ್ನು ತಾಯಿಗೆ ಬರೆಯದೆ ನೇರವಾಗಿ ಮಗನಿಗೇ ಬರೆದೆವು. ಇಬ್ಬರಿಗೆ ಅದು ಸೊಗಸಾದ ಬಂಡಿ, ಮೂವರಿಗೆ ಸಾಗುತ್ತದೆ, ನಿನ್ನ ಮನೆಗೆ ಒಂದು ಆಸನ ಕಡಿಮೆ. ಕೊಳ್ಳುವ ವಿಚಾರವನ್ನು ತಂದೆ ತಾಯಿ ಹಿಂದಿರುಗುವವರೆಗೆ ತಡೆದಿರು, ಆ ಎರಡು ತಿಂಗಳಿಗೆ ಐವರು ಕೂಡುವ ಸಾದಾ ಕಾರೊಂದನ್ನು ಬಾಡಿಗೆಗೆ ತೆಗೆದುಕೋ, ಒಂದು ಭಾನುವಾರ ಮಾತ್ರ ಈ 500ಸಿಯನ್ನು ಬಾಡಿಗೆಗೆ ತಂದು ತಾಯಿಯನ್ನು ಮುಂದಿನ ಆಸನದಲ್ಲಿ ಕೂರಿಸಿ ಮಾಡು ತೆರೆ ಎಂದು ತಿಳಿಸಿದ್ದೇವೆ. ತಲೆಯ ಮೇಲೆ ಸೆರಗು ನಿಲ್ಲದು, ಪಿನ್ನು ಹಾಕಿಸು ಎಂದೂ ಸೇರಿಸಿದೆವು. ಉತ್ತರವಿನ್ನೂ ಬಂದಿಲ್ಲ, ಬಂದೊಡನೆ ವಾಚಕರ ಮುಂದಿಡುವೆವು.