ಯಾರಿಗೆ ಹಾಕಬೇಕೆಂದು ಗುರುಗಳನ್ನು ಕೇಳಬೇಡಿ

ಲೋಕಸಭಾ ಚುನಾವಣೆ ಘೋಷಣೆಯಾದೊಡನೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯಗಳ ಅಂಗಳದಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ: "ಫಾದರ್, ಈ ಸಲ ನಮ್ಮವರು ಯಾರಿಗೆ ಹಾಕಬೇಕು?" ಕೇಳುವವರಲ್ಲಿ ಮುಗ್ಧರಿದ್ದಾರೆ, ಸಮುದಾಯದ ಮತಗಳನ್ನೆಲ್ಲ ಗಂಟುಕಟ್ಟಿ ಯಾವುದೋ ಪಕ್ಷದ ಬಾಗಿಲಿಗೆ ಒಯ್ಯಬಯಸುವ ಮುಖಂಡರೂ ಇದ್ದಾರೆ. ಇಬ್ಬರಿಗೂ ಉತ್ತರ ಒಂದೇ. ಅದನ್ನು ಹೇಳುವುದು ಗುರುಗಳ ಕೆಲಸವಲ್ಲ.

ಸಾಮಾನ್ಯ ಹಿತಕ್ಕಾಗಿ ಸ್ವತಂತ್ರವಾಗಿ ಮತ ಚಲಾಯಿಸುವುದು ಪ್ರಜೆಗಳ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ನೆನಪಿಸಿತು. 'ಸ್ವತಂತ್ರವಾಗಿ' ಎಂಬುದನ್ನು ಮಾತ್ರ ನಾವು ಮರೆತೆವು. ಧರ್ಮದ ಹೆಸರಿನ ಮತಯಾಚನೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಭ್ರಷ್ಟ ಆಚರಣೆ. ಮತದಾರನ ಧರ್ಮವನ್ನು ಮುಂದಿಟ್ಟು ಕೇಳಿದರೂ ಅದು ಅನ್ವಯಿಸುತ್ತದೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ಅನ್ಯರು ಹಾಗೆ ಮತ ಕೇಳಿದಾಗ ನೊಂದುಕೊಳ್ಳುವ ನಾವು, ನಮ್ಮ ಬಲಿಪೀಠದ ಬಳಿಯಿಂದ ಅದೇ ಮಾತು ಬರಲೆಂದು ಬಯಸುವುದು ಯಾವ ನ್ಯಾಯ?

ಇನ್ನು ಹಣದ ವಿಚಾರ. "ಕೊಟ್ಟದ್ದನ್ನು ತೆಗೆದುಕೊಳ್ಳೋಣ, ಒಳಗೆ ಹೋಗಿ ಮನಸ್ಸಿಗೆ ಬಂದವರಿಗೆ ಹಾಕೋಣ, ಅದೂ ನಮ್ಮದೇ ಹಣವಲ್ಲವೇ?" ಎಂಬ ಜಾಣತನವನ್ನು ಭಕ್ತಿವಂತರ ಬಾಯಲ್ಲೂ ಕೇಳುತ್ತೇವೆ. ಹತ್ತಿ ಗಿರಣಿಗಳು ಮುಚ್ಚಿದ ದಾವಣಗೆರೆಯಲ್ಲಿ, ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋದ ಹರಿಹರದಲ್ಲಿ ಐನೂರು ರೂಪಾಯಿಯ ಬೆಲೆಯೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕೊಡುವವನ ಪಾಪವೇ ದೊಡ್ಡದು, ಒಪ್ಪೋಣ. ಆದರೆ ಇಬ್ಬರಿಂದಲೂ ಪಡೆದು ಇಬ್ಬರಿಗೂ ತಲೆಯಾಡಿಸಿದವನು ಒಬ್ಬನಿಗಾದರೂ ಸುಳ್ಳು ಹೇಳಿರುತ್ತಾನೆ. ಕಾನೂನು ಪಡೆದವನನ್ನೂ ಅಪರಾಧಿಯೆಂದೇ ಕರೆಯುತ್ತದೆ. ಅದಕ್ಕಿಂತ ಕಠಿಣವಾದದ್ದು ಆಮೇಲಿನ ಐದು ವರ್ಷ: ಬೀದಿಯ ನೀರಿಗಾಗಿ ಅರ್ಜಿ ಹಿಡಿದು ಹೋದಾಗ, "ಅಂದೇ ಕೊಟ್ಟಾಯಿತಲ್ಲ" ಎಂದರೆ ಏನೆನ್ನುವಿರಿ?

ನಮ್ಮ ಸಮಾಧಿಭೂಮಿಗೆ ಕಾಂಪೌಂಡು, ಸಮುದಾಯ ಭವನಕ್ಕೆ ಅನುದಾನ ಕೊಟ್ಟವರಾರೆಂಬುದೊಂದೇ ಅಳತೆಯಾಗಬಾರದು. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾಯುವ ರೈತನು ಯಾವ ಧರ್ಮದವನಾದರೂ ನಮ್ಮ ನೆರೆಯವನೇ. ಒಳ್ಳೆಯ ಸಮಾರಿಯನ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವವರು ನಾವೇ ತಾನೆ? ಅಭ್ಯರ್ಥಿಗಳು ತಮ್ಮ ಆಸ್ತಿ, ತಮ್ಮ ಮೇಲಿರುವ ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ಓದುವವರೆಷ್ಟು ಮಂದಿ?

ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನಿಂದ ಹರಿಹರಕ್ಕೆ ಬರುವ ನಮ್ಮ ಯುವಜನರು, ಮತದಾನದ ದಿನ ರಜೆಯಿದ್ದರೂ ಬರುವುದಿಲ್ಲ. ಎಂಟು ವಿಧಾನಸಭಾ ಕ್ಷೇತ್ರಗಳಿರುವ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ 2009ರ ಗೆಲುವಿನ ಅಂತರ ಸುಮಾರು 2,000 ಮತ. 2024ರಲ್ಲಿ ಸುಮಾರು 26,000. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಉಳಿದಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಸ್ಥಳಾಂತರಕ್ಕೆ ನಮೂನೆ 8 ಸಾಕು. ಚುನಾವಣೆ ಹತ್ತಿರ ಬರುವವರೆಗೆ ಕಾಯದೆ, ಈ ತಿಂಗಳೇ ತುಂಬಿಕೊಡಿ.