ನೋಡದ ಮ್ಯೂಸಿಯಂನ ನೆನಪು

ಕಳೆದ ಮಳೆಗಾಲದ ಒಂದು ಸಂಜೆ ಬೆಳಗಾವಿಯ ಹಿಂದವಾಡಿಯಲ್ಲಿ, ಗೆಳೆಯನೊಬ್ಬನ ಮನೆಯ ಪಡಸಾಲೆಯಲ್ಲಿ, ಹಳೆಯ ಸಹಪಾಠಿಗಳು ನಾಲ್ಕು ಜನ ಕೂಡಿದ್ದರು. ಮಾತು ಶಾಲೆಯ ಪ್ರವಾಸದತ್ತ ಹೊರಳಿತು. ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಶಾಲೆ ಸೇರಿದ್ದ ನಾವು ಅವರೊಂದಿಗೆ ಮೊದಲ ಸಲ ದೂರದ ಊರು ಕಂಡದ್ದು 1992ರ ನವೆಂಬರಿನಲ್ಲಿ. ಊರು ಬಿಜಾಪುರ, ಅಂದರೆ ಈಗಿನ ವಿಜಯಪುರ.

ಗೆಳೆಯ ಹೇಳಿದ: “ಗೋಳಗುಮ್ಮಟದ ಮ್ಯೂಸಿಯಂನಾಗ ನಿಮ್ಮ ಬಾದಶಾ ಒಡದ ಮೂರ್ತಿ ಸಾಲಾಗಿ ಇಟ್ಟಿದ್ರಲ್ಲ, ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ ನೋಡು.”

ನಾವು ಬಿಡಲಿಲ್ಲ. “ಮೂರ್ತಿ ಎಲ್ಲಿದ್ವಪಾ? ಬಂಗಾರದ ನೀರಿನ್ಯಾಗ ಬರದ ಕುರ್‌ಆನ್ ಇತ್ತಲ್ಲಿ. ನಾ ನೋಡೇನಿ” ಎಂದೆವು.

ಮಾತಿಗೆ ಮಾತು ಬೆಳೆಯಿತು. ಉಳಿದಿಬ್ಬರು ನಡುವೆ ಬಾರದಿದ್ದರೆ ಮೂವತ್ತು ವರ್ಷಗಳ ಗೆಳೆತನ ಅಂದೇ ಮುಗಿಯುತ್ತಿತ್ತೇನೋ. ಆ ರಾತ್ರಿ ಮನೆಗೆ ಬಂದು, ಅಮ್ಮೀ ಜತನದಿಂದ ಇಟ್ಟಿದ್ದ ಟ್ರಂಕನ್ನು ತೆರೆದು ಏಳನೆಯ ಇಯತ್ತೆಯ ಪಟ್ಟಿಪುಸ್ತಕ ಹುಡುಕಿದೆವು. ಪ್ರವಾಸದಿಂದ ಬಂದ ಮರುದಿನ ಗುರುಗಳು ಬರೆಸಿದ್ದ ಹತ್ತು ಸಾಲು ಅದರಲ್ಲಿದ್ದವು. ಏಳನೆಯ ಸಾಲು ಹೀಗಿತ್ತು: ‘ಹೊತ್ತಾಗಿದ್ದರಿಂದ ಮ್ಯೂಸಿಯಂ ನೋಡಲು ಆಗಲಿಲ್ಲ.’

ನಲವತ್ತು ದಾಟಿದ ಇಬ್ಬರು ಗಂಡಸರು, ತಾವು ಕಾಲೇ ಇಡದ ಒಂದು ಮ್ಯೂಸಿಯಂನಲ್ಲಿ ತಾವು ಕಂಡದ್ದೇನು ಎಂದು ಜಗಳವಾಡಿದ್ದರು!

ಗೋಳಗುಮ್ಮಟಕ್ಕೆ ಹೋದವರಿಗೆ ಆ ಕಟ್ಟಡ ಗೊತ್ತು. ಮುಹಮ್ಮದ್ ಆದಿಲ್ ಶಾಹನ ಗೋರಿಯ ಮುಂದೆಯೇ ನಕ್ಕಾರಖಾನೆ ಇದೆ. 1892ರಲ್ಲಿ ಆರಂಭವಾಗಿ, 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೈಸೇರಿದ ವಸ್ತುಸಂಗ್ರಹಾಲಯ ಇರುವುದು ಅದರಲ್ಲಿ. ಎಲ್ಲರೂ ಅದನ್ನು ಹಾದೇ ಮುಂದೆ ಹೋಗುತ್ತಾರೆ. ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ಗಂಟಲು ಹರಿಯುವಂತೆ ಕೂಗಿ, ಇಳಿದು ಬಸ್ಸು ಹತ್ತುತ್ತಾರೆ. ನಾವೂ ಹಾಗೆಯೇ ಮಾಡಿದ್ದೆವು.

ಹಾಗಾದರೆ ಆ ಮೂರ್ತಿಗಳು, ಆ ಕುರ್‌ಆನ್ ಎಲ್ಲಿಂದ ಬಂದವು? ಪ್ರವಾಸ ಮುಗಿದ ಮರುತಿಂಗಳು, ಡಿಸೆಂಬರ್ 6ರಂದು, ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಅಂದಿನಿಂದ ಅವರ ಮನೆಯ ಊಟದ ಹೊತ್ತಿನ ಮಾತು ಬೇರೆಯಾಯಿತು, ನಮ್ಮ ಮನೆಯ ಮಾತೂ ಬೇರೆಯಾಯಿತು. ಅವನು ಕೇಳಿದ್ದನ್ನು ಅವನು, ನಾವು ಕೇಳಿದ್ದನ್ನು ನಾವು ಒಯ್ದು ಆ ನೋಡದ ಕಟ್ಟಡದೊಳಗೆ ಇಟ್ಟೆವು. ಬಾಗಿಲು ತೆರೆದು ನೋಡದ ಕೋಣೆಯಲ್ಲಿ ಯಾರು ಏನನ್ನು ಬೇಕಾದರೂ ತಂದಿಡಬಹುದು. ಅವನು ಸುಳ್ಳುಗಾರನಲ್ಲ. ನಾವೂ ಅಲ್ಲ. ಇಬ್ಬರೂ ಪ್ರಾಮಾಣಿಕವಾಗಿ ನೆನಪಿಸಿಕೊಂಡಿದ್ದೆವು ಎಂಬುದೇ ಇಲ್ಲಿ ಅಂಜಿಕೆ ಹುಟ್ಟಿಸುವ ಸಂಗತಿ.

ನೆನಪೆಂದರೆ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ ಒಡವೆಯಲ್ಲ. ಪ್ರತಿ ಸಲ ಹೊರತೆಗೆದಾಗಲೂ ಅದಕ್ಕೆ ಅಂದಿನ ಕೈಯ ಬಣ್ಣ ಹತ್ತುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿಬಂದ ಹತ್ತು ಜನರನ್ನು ಕೇಳಿ. ದೀಪ ಹಿಡಿದು ಅಂಗೈಯಿಂದ ಮರೆಮಾಡಿದ ಹೆಣ್ಣಿನ ಚಿತ್ರ ಅವರಿಗೆಲ್ಲ ನೆನಪಿರುತ್ತದೆ. ಬರೆದವರು ಯಾರೆಂದು ಕೇಳಿದರೆ ಹೆಚ್ಚಿನವರು ರಾಜಾ ರವಿವರ್ಮ ಎನ್ನುತ್ತಾರೆ. ಬರೆದವರು ಎಸ್. ಎಲ್. ಹಲ್ದಣಕರ್. ಹುಟ್ಟಿದ್ದು ನಮ್ಮ ಬೆಳಗಾವಿಯಿಂದ ಆಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ. ಚಿತ್ರ ಕಣ್ಣಲ್ಲಿ ಉಳಿಯಿತು, ಹೆಸರನ್ನು ಜನರ ಮಾತು ತಂದಿಟ್ಟಿತು. ಅಲ್ಲಿ ನಷ್ಟವಾದದ್ದು ಒಬ್ಬ ಕಲಾವಿದರಿಗೆ. ಬಿಜಾಪುರದ ವಿಷಯದಲ್ಲಿ ನಷ್ಟವಾಗುತ್ತಿರುವುದು ನೆರೆಹೊರೆಗೆ.

ಇನ್ನು ನಮ್ಮ ತಕರಾರಿಗೆ ಬರೋಣ. ಶಾಲೆಗಳು ಪ್ರವಾಸವನ್ನು ಹತ್ತು ಸಾಲಿನ ಪ್ರಬಂಧದೊಂದಿಗೆ ಮುಗಿಸುತ್ತವೆ. ಇಲಾಖೆಗಳು ಎಷ್ಟು ಟಿಕೆಟ್ ಹರಿದವು ಎಂದು ಲೆಕ್ಕ ಹಾಕುತ್ತವೆ. ನೋಡುವುದು ಒಂದು ದಿನ, ನೆನೆಯುವುದು ಮೂವತ್ತು ವರ್ಷ. ಆ ಮೂವತ್ತು ವರ್ಷಗಳ ಗೊಡವೆ ಯಾರಿಗೂ ಇಲ್ಲ. ಗೊಡವೆ ಇರುವವರು ಒಬ್ಬರೇ: ದ್ವೇಷ ಮಾರುವವರು. ಮಗುವಿನ ಅರೆಬರೆ ನೆನಪನ್ನು ಅವರು ಬಹಳ ಶ್ರದ್ಧೆಯಿಂದ ತಿದ್ದಿ ಪೂರ್ತಿಗೊಳಿಸುತ್ತಾರೆ. ಗುರುಗಳು ಬಿಟ್ಟ ಕೆಲಸವನ್ನು ಅವರು ಮುಂದುವರಿಸುತ್ತಿದ್ದಾರೆ.

“ಮಕ್ಕಳಿಗೆ ಏನು ನೆನಪಿರ್ತದ್ರೀ? ಪೂರಿ ತಿಂದದ್ದು, ಬಸ್ಸಿನಾಗ ವಾಂತಿ ಮಾಡಿದ್ದು” ಎಂದು ನಗುವ ಹಿರಿಯರು ಇದ್ದಾರೆ. ಅವರಿಗೆ ನಮ್ಮದೊಂದು ಮಾತು. ಅಮೆರಿಕದ ಜಾನ್ ಫಾಕ್ ಮತ್ತು ಲಿನ್ ಡಿಯರ್ಕಿಂಗ್ ಎಂಬ ಸಂಶೋಧಕರು ಶಾಲಾ ಪ್ರವಾಸಗಳ ನೆನಪಿನ ಬಗ್ಗೆ 128 ಜನರನ್ನು, ಮಕ್ಕಳನ್ನೂ ವಯಸ್ಕರನ್ನೂ, ವಿಚಾರಿಸಿ 1997ರಲ್ಲಿ ಬರೆದರು. ವರ್ಷಗಳು ಕಳೆದಿದ್ದರೂ ಹೆಚ್ಚುಕಡಿಮೆ ಎಲ್ಲರಿಗೂ ಪ್ರವಾಸ ನೆನಪಿತ್ತು. ಎಲ್ಲಿಗೆ ಹೋದದ್ದು, ಯಾರೊಂದಿಗೆ ಹೋದದ್ದು, ಅಲ್ಲಿ ಕಂಡ ಒಂದೆರಡು ಸಂಗತಿ ಎಲ್ಲವೂ ಉಳಿದಿದ್ದವು. ಅಂದರೆ ಪೂರಿಯೂ ಜೊತೆಗಾರನೂ ಕಸವಲ್ಲ. ಉಳಿದದ್ದನ್ನೆಲ್ಲ ತೂಗುಹಾಕುವ ಗೂಟಗಳು ಅವೇ. ಗೂಟವಿದೆ. ಅದಕ್ಕೆ ನಾವು ಏನನ್ನೂ ತೂಗುಹಾಕಲಿಲ್ಲ. ತಪ್ಪು ಮಕ್ಕಳದಲ್ಲ.

ಹಿಂದವಾಡಿಯ ಮಗ್ಗುಲಲ್ಲೇ ಇರುವ ಟಿಳಕವಾಡಿಯ ವೀರಸೌಧವನ್ನು ನೋಡಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದ ಜಾಗ. ಒಳಗೆ ಅಂದಿನ ಫೋಟೋಗಳಿವೆ. ಹೋಗಿಬಂದ ಮಕ್ಕಳನ್ನು ಕೇಳಿದರೆ ಫೋಟೋ ಹೇಳುವುದಿಲ್ಲ, ಬಾವಿ ಹೇಳುತ್ತವೆ. “ಬಾವಿ ನೋಡಾಕ ಹೋಗಿದ್ದೇನು?” ಎಂದು ಗದರುವವರಿಗೆ ತಿಳಿಯದ ಸಂಗತಿಯೆಂದರೆ, ಮಗು ಹಿಡಿದದ್ದೇ ಸರಿಯಾದ ಎಳೆ. ಅಧಿವೇಶನಕ್ಕೆ ಬಂದವರ ನೀರಿಗಾಗಿಯೇ ತೋಡಿದ ಬಾವಿ ಅದು. ಜನ ಇಂದಿಗೂ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಇಷ್ಟು ಜನರಿಗೆ ನೀರು ಯಾರು ಸೇದಿದರು, ಯಾರು ಬಡಿಸಿದರು, ಒಂದೇ ಬಾವಿಯ ನೀರನ್ನು ಎಲ್ಲರೂ ಕುಡಿಯುವುದು ಆ ಕಾಲದಲ್ಲಿ ಎಷ್ಟು ದೊಡ್ಡ ಮಾತಾಗಿತ್ತು ಎಂದು ಅಲ್ಲಿಂದಲೇ ಪಾಠ ಶುರುಮಾಡಬಹುದಲ್ಲ!

ಈಗಂತೂ ಎಲ್ಲರ ಕೈಯಲ್ಲಿ ಮೊಬೈಲ್. ಫೋಟೋ ಇದೆಯಲ್ಲ, ನೆನಪಿನ ಚಿಂತೆ ಏಕೆ ಎನ್ನುತ್ತಾರೆ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ಕಲಾ ಮ್ಯೂಸಿಯಂ ಒಂದರಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳ ಫೋಟೋ ತೆಗೆಯಿರಿ, ಕೆಲವನ್ನು ಸುಮ್ಮನೆ ನೋಡಿ ಎಂದರು. ಮರುದಿನ ಕೇಳಿದಾಗ ಫೋಟೋ ತೆಗೆದ ವಸ್ತುಗಳ ನೆನಪೇ ಕಡಿಮೆ. ಅವರ ಈ ಬರಹ ಪ್ರಕಟವಾದದ್ದು 2014ರಲ್ಲಿ. ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ಗಮನವಿಟ್ಟು ತೆಗೆದವರಿಗೆ ಮಾತ್ರ ಆ ನಷ್ಟವಾಗಲಿಲ್ಲ. ನೆನಪು ಉಳಿಯುವುದು ಕಣ್ಣು ನಿಂತಲ್ಲಿ.

‘ಹಾಗಾದರೆ ಮ್ಯೂಸಿಯಂಗಳಲ್ಲಿ ಒಡೆದ ಮೂರ್ತಿಗಳೇ ಇಲ್ಲವೇ?’ ಎಂದು ಕೇಳಬಹುದು. ಇವೆ. ಯುದ್ಧಗಳು ನಡೆದವು, ಒಡೆಯುವುದೂ ನಡೆಯಿತು. ಅದನ್ನು ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ಬಂಗಾರದ ಕುರ್‌ಆನ್ ಒಂದನ್ನೇ ನೆನೆಯುವುದೂ ಕಣ್ಣು ಮುಚ್ಚಿಕೊಳ್ಳುವ ಇನ್ನೊಂದು ಬಗೆ. ನೋಡಬೇಕಾದದ್ದು ಎಲ್ಲವನ್ನೂ, ಅಕ್ಕಪಕ್ಕದಲ್ಲಿಟ್ಟು.

ಆ ಜಗಳದ ನಂತರ ದಸರೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಮೊದಲ ಸಲ ನಕ್ಕಾರಖಾನೆಯ ಒಳಗೆ ಕಾಲಿಟ್ಟೆವು. ಅರಬ್ಬಿ, ಪಾರ್ಸಿ ಶಾಸನಗಳಿದ್ದ ಸೂರಿನಡಿಯಲ್ಲೇ ಕನ್ನಡ, ಸಂಸ್ಕೃತ ಶಾಸನಗಳಿದ್ದವು. ವೀರಗಲ್ಲು, ಜೈನ ಶಿಲ್ಪ, ಹಸ್ತಪ್ರತಿ, ಫರ್ಮಾನು, ರತ್ನಗಂಬಳಿ, ಚೀನಾದ ಪಿಂಗಾಣಿ ಇದ್ದವು. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದ ಎರಡನೆಯ ಇಬ್ರಾಹಿಮ್ ಆದಿಲ್ ಶಾಹನ ಊರಿಗೆ ತಕ್ಕ ಕೂಟವೇ ಅದು. ಗೆಳೆಯನ ನೆನಪಿನಲ್ಲಿದ್ದ ಮ್ಯೂಸಿಯಂ ಅಲ್ಲಿರಲಿಲ್ಲ, ನಮ್ಮ ನೆನಪಿನಲ್ಲಿದ್ದದ್ದೂ ಇರಲಿಲ್ಲ. ಎರಡಕ್ಕಿಂತ ಹೆಚ್ಚಿನದು ಇತ್ತು. ತಿಂಗಳು ಬಿಟ್ಟು ಮಗಳನ್ನು ಏನು ನೆನಪಿದೆ ಎಂದು ಕೇಳಿದೆವು. “ಅಬ್ಬಾ, ಆ ಚೀನಾ ಬಟ್ಟಲು ಅಷ್ಟು ದೂರದಿಂದ ಒಡೀದಂಗ ಹೆಂಗ ಬಂತು?” ಎಂದಳು. ಮುಂದಿನ ವರ್ಷ ಮತ್ತೆ ಕೇಳುವವರಿದ್ದೇವೆ.

ಇದಕ್ಕೆ ಸರಕಾರದ ಯೋಜನೆ ಬೇಕಿಲ್ಲ. ಗುಮ್ಮಟ ಹತ್ತುವ ಮುಂಚೆ ಮಕ್ಕಳನ್ನು ಮ್ಯೂಸಿಯಂ ಹೊಗಿಸಿ. ಎಲ್ಲವನ್ನೂ ತೋರಿಸಿ ಓಡಿಸಬೇಡಿ, ಒಂದರ ಮುಂದಾದರೂ ಹತ್ತು ನಿಮಿಷ ನಿಲ್ಲಿಸಿ. ಹತ್ತು ಸಾಲನ್ನು ಮರುದಿನ ಬರೆಸಿದ್ದು ಸಾಲದು, ಮರುವರ್ಷವೂ ಬರೆಸಿ ಎರಡನ್ನೂ ಜೊತೆಗಿಟ್ಟು ಓದಿಸಿ. ತಮ್ಮ ನೆನಪು ತಮಗೇ ತಿಳಿಯದಂತೆ ಹೇಗೆ ಬದಲಾಯಿತೆಂದು ಕಂಡ ಮಗು ನಾಳೆ ಯಾರದೋ ಭಾಷಣಕ್ಕೆ ಸುಲಭವಾಗಿ ತಲೆಯಾಡಿಸುವುದಿಲ್ಲ.

ಪಟ್ಟಿಪುಸ್ತಕದ ಆ ಪುಟವನ್ನು ಗೆಳೆಯನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ನಿನ್ನ ಅಕ್ಷರ ಆವಾಗನೂ ಹಿಂಗ ಇತ್ತೇನು?” ಎಂದ. ಆಮೇಲೆ ತಾನೇ ನೆನಪಿಸಿದ: ಮೊಗಸಾಲೆಯ ಆ ಬದಿಗೆ ಹೋಗಿ ಗೋಡೆಗೆ ಬಾಯಿ ಹಚ್ಚಿ ನಮ್ಮ ಹೆಸರು ಪಿಸುಗುಟ್ಟಿದವನು ಅವನೇ, ಈ ಬದಿಯಲ್ಲಿ ಗೋಡೆಗೆ ಕಿವಿ ಹಚ್ಚಿ ಕೇಳಿಸಿಕೊಂಡವರು ನಾವೇ. ಅದೊಂದರಲ್ಲಿ ನಮಗೆ ಜಗಳವಿರಲಿಲ್ಲ. ಬಿಜಾಪುರಕ್ಕೆ ಇನ್ನೊಮ್ಮೆ ಹೋಗೋಣ ಎಂದಿದ್ದೇವೆ. ಈ ಸಲ ಮೊದಲು ನಕ್ಕಾರಖಾನೆ, ಕೂಗುವುದು ಆಮೇಲೆ. ಅವನಿನ್ನೂ ದಿನ ಗೊತ್ತುಮಾಡಿಲ್ಲ. ಬಸ್ ಚಾರ್ಜು ನಮ್ಮದೇ ಎಂದು ಇಲ್ಲಿ ಬರೆದುಕೊಡುತ್ತಿದ್ದೇವೆ.