ಬಂಡೀಪುರ ಆಮೇಲೆ, ಮೊದಲು ಶಿಂಷಾ

ಮಳೆಗಾಲ ಬಂತು, ಸೀಸನ್ ಮುಗಿಯಿತು, ರೂಮು ಅಗ್ಗ ಅಂತ ಕಾರು ಬಾಡಿಗೆಗೆ ಹಿಡಿದು ಮನೆಮಂದಿಯೆಲ್ಲ ಬಂಡೀಪುರಕ್ಕೆ ಹೊರಡುತ್ತೇವೆ. ತುಮಕೂರಿನಿಂದ 200 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಹೆದ್ದಾರಿ ಬಂದ್. ಹುಲಿ ಕಂಡರೆ ಅದೃಷ್ಟ. ಹೋಗಬೇಡಿ ಅನ್ನುತ್ತಿಲ್ಲ. ಆದರೆ "ನಮ್ಮ ಜಿಲ್ಲೇಲಿ ನೋಡೋಕೆ ಏನಿದೆ?" ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ.

ಶಿಂಷಾ ಹುಟ್ಟುವುದು ತುಮಕೂರಿನ ಪಕ್ಕದ ದೇವರಾಯನದುರ್ಗದಲ್ಲಿ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮುಂದೆ ಕಾವೇರಿ ಸೇರುತ್ತದೆ. ಮಾರ್ಕೋನಹಳ್ಳಿ ತುಂಬಿದರೆ ಸೈಫನ್‌ನಲ್ಲಿ ನೀರು ತಾನಾಗಿಯೇ ಹೊರಗೆ ಧುಮುಕುತ್ತದೆ. ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.

ನೋಡದವರು ಪ್ರಶ್ನೆ ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ಹೊಳೆಯ ಮರಳು ಹೋಗುತ್ತದೆ, ಕೆರೆಯಂಗಳ ಒತ್ತುವರಿಯಾಗುತ್ತದೆ. ಪ್ರವಾಸ ಅಂದರೆ ದಿನವಿಡೀ ನೀರು ಕುಡಿಯದೆ ತಡೆದುಕೊಳ್ಳುವುದು ಅಂತಲೇ ನಮ್ಮ ಅಮ್ಮಂದಿರು, ಅಕ್ಕಂದಿರು ಅಂದುಕೊಂಡಿದ್ದಾರೆ. ಸೆಲ್ಫಿ ಪಾಯಿಂಟ್ ಆಮೇಲೆ ಕಟ್ಟಿ. ಮೊದಲು ಬಾಗಿಲು, ನೀರು ಎರಡೂ ಇರುವ ಶೌಚಾಲಯ ಕೊಡಿ. ರಜೆ ದಿನ ಒಂದು ಬಸ್ಸು ಬಿಡಿ. ಕಾರಿಲ್ಲದ ಮನೆಯ ಮಕ್ಕಳೂ ತಮ್ಮ ಹೊಳೆ ಹುಟ್ಟುವ ಜಾಗ ನೋಡಲಿ.

ಈ ಮಳೆಗಾಲದಲ್ಲಿ ಹೋಗಿ ಬನ್ನಿ, ನೀರಿಗೆ ಮಾತ್ರ ಇಳಿಯಬೇಡಿ. ಕಂಡದ್ದನ್ನು ಫೋಟೊ ತೆಗೆದುಕೊಳ್ಳಿ. ಅದನ್ನು ಸ್ಟೇಟಸ್‌ಗೆ ಹಾಕಿ ಸುಮ್ಮನಾಗಬೇಡಿ, ಗ್ರಾಮಸಭೆಯಲ್ಲಿ ತೋರಿಸಿ ಕೇಳಿ.